ಮೊದಲು ಲೂಪು, ಆಮೇಲೆ ಶೋಕಿ

ಚಿಕ್ಕಮ್ಮನ ಮಗಳು ಪೈಥಾನ್ ಕಲೀತಿದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿ, "ಅಣ್ಣಾ, ಲೂಪ್ ಅರ್ಥ ಆಗಿತ್ತು, ಈ ಲಿಸ್ಟ್ ಕಾಂಪ್ರಹೆನ್ಷನ್ ಬಂದ್ಮೇಲೆ ಅದೂ ಮರೆತುಹೋಯ್ತು. ಪ್ರೋಗ್ರಾಮಿಂಗ್ ನನಗೆ ಆಗಿಬರಲ್ಲ" ಅಂದಳು. ಅಳೋದೊಂದು ಬಾಕಿ. ನೋಡಿದ್ರೆ, ಎರಡನೇ ವಾರಕ್ಕೇ ಮೇಷ್ಟ್ರು ಎರಡು ಫಾರ್, ಒಂದು ಇಫ್ ಇರೋ ಸಾಲು ಕೊಟ್ಟಿದ್ದಾರೆ!

ನಾನೇನೂ ಇದರ ವಿರೋಧಿ ಅಲ್ಲ. ಹ್ಯಾಸ್ಕೆಲ್‌ನಿಂದ ಎರವಲು ತಂದು 2000ದಲ್ಲಿ ಪೈಥಾನ್ 2.0ಕ್ಕೆ ಸೇರಿಸಿದ ಸವಲತ್ತು ಇದು, ದಿನಾ ಬಳಸ್ತೀನಿ. ಪಿಯುಸಿ ಗಣಿತದಲ್ಲಿ ಸೆಟ್ ಬರೀತಿದ್ವಲ್ಲ, ಅದೇ ಧಾಟಿ. ಆದ್ರೆ ಕೊನೆಗೆ ಸಿಗೋ ಎಕ್ಸ್ ಸಾಲಿನ ಮೊದಲಿಗೇ ಕೂತಿರುತ್ತೆ. ಅದು ಎಲ್ಲಿಂದ ಬಂತು ಅನ್ನೋದು ಆಮೇಲೆ. ಫಾರ್‌ಗಳು ಮಾತ್ರ ಹೊರಗಿನದು ಮೊದಲು, ಒಳಗಿನದು ನಂತರ. ಹೊಸಬರಿಗೆ ತಲೆ ಗಿರ್ರ್ ಅನ್ನದೇ ಇರುತ್ತಾ? ನಡುವೆ ಒಂದು ಪ್ರಿಂಟ್ ಹಾಕಿ ನೋಡೋಣ ಅಂದ್ರೆ ಜಾಗವೂ ಇಲ್ಲ.

ಅದನ್ನೇ ಬಿಡಿಸಿ ಬರೆಸಿದೆ. ಖಾಲಿ ಲಿಸ್ಟು, ಫಾರ್, ಅದರೊಳಗೆ ಇನ್ನೊಂದು ಫಾರ್, ಇಫ್, ಅಪೆಂಡ್. ಐದೇ ಸಾಲು. "ಇಷ್ಟೇನಾ!" ಅಂದಳು. ಆಮೇಲೆ ಅವಳೇ ಅದನ್ನ ಒಂದು ಸಾಲಿಗೆ ಮಡಚಿದಳು.

ಒಂದು ಫಾರ್, ಬೇಕಿದ್ರೆ ಒಂದು ಇಫ್... ಅಲ್ಲಿಗೆ ನಿಲ್ಲಿಸಿ ಅಂತೀನಿ. ಹಿಂದೆ ಶೋಕಿಗೆ ನಾನೂ ಮೂರು ಫಾರ್ ಹಾಕಿ ಬರೆದಿದ್ದೆ (ಭೇಷ್ ಅಂತಲೂ ಅನ್ನಿಸಿಕೊಂಡೆ!). ಆರು ತಿಂಗಳಾದ್ಮೇಲೆ ಅದರಲ್ಲಿ ಬಗ್ ಬಂದಾಗ, ಓದೋಕಾಗದೆ ಲೂಪ್ ಮಾಡಿ ಬರೆದವನೂ ನಾನೇ.