ವಿದೇಶದಲ್ಲಿ ನೌಕರಿ: ಕುಟುಂಬಕ್ಕೆ ಬಾಗಿಲು ತೆರೆದಿದೆಯೇ?

ನಮ್ಮ ವರದಿಗಾರರಿಂದ

ಗೋಕಾಕ: ವಿದೇಶದಲ್ಲಿ ಉದ್ಯೋಗ ದೊರೆಯುವುದು ಒಂದು ವಿಷಯ. ದೊರೆತ ಉದ್ಯೋಗದ ಆಧಾರದ ಮೇಲೆ ಮಡದಿ ಮಕ್ಕಳನ್ನು ಕರೆದೊಯ್ದು ಅಲ್ಲಿಯೇ ಸಂಸಾರ ಹೂಡುವುದು ಇನ್ನೊಂದು ವಿಷಯ. ಇವೆರಡನ್ನೂ ಒಂದೇ ಎಂದು ಭಾವಿಸಿ ಹೊಲ ಅಡವಿಟ್ಟು, ಬಂಗಾರ ಮಾರಿ ಹೊರಟವರು ಪರದೇಶ ತಲುಪಿದ ನಂತರ ನಿಜಸ್ಥಿತಿ ಅರಿಯುವಂತಾದರೆ ಹಿಂದಿರುಗುವ ದಾರಿಯೂ ಮುಚ್ಚಿರುತ್ತದೆ. ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಂತಹ ಕೃಷಿಪ್ರಧಾನ ಪ್ರದೇಶದ ಕುಟುಂಬಗಳು ಈ ವ್ಯತ್ಯಾಸವನ್ನು ಮನಗಾಣಬೇಕಾದ ಕಾಲ ಈಗ ಬಂದಿದೆ. ಏಕೆಂದರೆ ಕಳೆದ ಕೆಲವು ವರ್ಷಗಳಲ್ಲಿ ಹಲವು ದೇಶಗಳು ನೌಕರನಿಗೆ ಬಾಗಿಲು ತೆರೆದಿಟ್ಟು, ಆತನ ಕುಟುಂಬಕ್ಕೆ ಮಾತ್ರ ಬಾಗಿಲು ಕಿರಿದುಗೊಳಿಸಿವೆ.

ವಲಸೆ ಈ ಭಾಗಕ್ಕೆ ಹೊಸದಲ್ಲ

1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಆರಂಭವಾದಾಗ ಸುತ್ತಲಿನ ಹಳ್ಳಿಗಳ ಜನ ಕೆಲಸ ಅರಸಿ ಇಲ್ಲಿಗೆ ಬಂದರು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಹುಕ್ಕೇರಿ ತಾಲೂಕಿಗೆ ದುಡಿಮೆಯನ್ನೂ ಹೆಸರನ್ನೂ ತಂದಿತು. ಗೋಕಾಕ ತಾಲೂಕಿನಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಮೂಡಲಗಿಯ ಬದುಕೂ ಕಬ್ಬಿನ ಸುತ್ತಲೇ ಸುತ್ತುತ್ತದೆ. ಆದರೆ ಪಾಲಾಗುತ್ತ ಬಂದ ಹೊಲ, ಘಟಪ್ರಭಾ ನದಿಯ ಪ್ರವಾಹ, ದರಕ್ಕಾಗಿ ಪ್ರತಿವರ್ಷದ ಹೋರಾಟ ಇವು ಕಲಿತ ಮಕ್ಕಳನ್ನು ಊರಿನಲ್ಲಿ ಉಳಿಯಗೊಡುತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣವೇ ಜಲಾವೃತವಾಗಿತ್ತು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ನಡೆದ ರೈತರ ಧರಣಿ ರಾಜ್ಯದ ಗಮನ ಸೆಳೆದು, ಟನ್ ಕಬ್ಬಿಗೆ 3,300 ರೂಪಾಯಿ ದರದೊಂದಿಗೆ ಮುಕ್ತಾಯ ಕಂಡಿತು.

ಕೊಲ್ಲಾಪುರ, ಪುಣೆ, ಗೋವೆಗಳಿಗೆ ದುಡಿಯಲು ಹೋಗುವುದಕ್ಕೆ ಯಾರ ಅನುಮತಿಯೂ ಬೇಕಾಗಿರಲಿಲ್ಲ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಊರು. ಬಾಡಿಗೆ ಕೋಣೆ ದೊರೆತ ದಿನವೇ ಸಂಸಾರವೂ ಬರಬಹುದು. ಸಮುದ್ರದಾಚೆಗಿನ ವಲಸೆಯ ಸ್ವರೂಪ ಇದಕ್ಕಿಂತ ಭಿನ್ನವಾದುದು. ಅಲ್ಲಿ ನೌಕರನಿಗೆ ಒಂದು ಅನುಮತಿ, ಆತನ ಅವಲಂಬಿತರಿಗೆ ಪ್ರತ್ಯೇಕವಾಗಿ ಮತ್ತೊಂದು ಅನುಮತಿ. ಎರಡನೆಯದು ಸಂಬಳ, ಹುದ್ದೆ, ವಸತಿ ಇವುಗಳನ್ನು ಅವಲಂಬಿಸಿರುತ್ತದೆ.

ಕೊಲ್ಲಿ ರಾಷ್ಟ್ರಗಳ ಲೆಕ್ಕಾಚಾರ

ಸಂಯುಕ್ತ ಅರಬ್ ಎಮಿರೇಟ್ಸ್ 2019ರಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ತಿಂಗಳಿಗೆ 4,000 ದಿರ್ಹಂ ಸಂಬಳ ಅಥವಾ 3,000 ದಿರ್ಹಂ ಸಂಬಳದೊಂದಿಗೆ ವಸತಿ ಸೌಕರ್ಯ ಇರುವ ನೌಕರ ಮಾತ್ರ ಕುಟುಂಬವನ್ನು ಕರೆಸಿಕೊಳ್ಳಲು ಅರ್ಹ. ಇದು ಕಾನೂನಿನ ಕನಿಷ್ಠ ಮಿತಿಯೇ ಹೊರತು ಸಂಸಾರ ನಡೆಸಲು ಸಾಕಾಗುವ ಮೊತ್ತವಲ್ಲ ಎಂಬುದನ್ನು ಮರೆಯಲಾಗದು. ಮನೆ ಬಾಡಿಗೆ ಮತ್ತು ಶಾಲಾ ಶುಲ್ಕ ಇದರ ಬಹುಪಾಲನ್ನು ನುಂಗಿಬಿಡುತ್ತವೆ.

ಸೌದಿ ಅರೇಬಿಯಾ 2017ರ ಜುಲೈಯಿಂದ ವಿದೇಶಿ ನೌಕರರ ಅವಲಂಬಿತರ ಮೇಲೆ ತಲಾ ಶುಲ್ಕ ವಿಧಿಸಿತು. ತಿಂಗಳಿಗೆ 100 ರಿಯಾಲ್‌ನಿಂದ ಆರಂಭವಾದ ಶುಲ್ಕ 2020ರ ವೇಳೆಗೆ 400 ರಿಯಾಲ್‌ಗೆ ಏರಿತು. ಮಡದಿ ಹಾಗೂ ಇಬ್ಬರು ಮಕ್ಕಳಿಗೆ ತಿಂಗಳಿಗೆ 1,200 ರಿಯಾಲ್, ವರ್ಷಕ್ಕೆ 14,400 ರಿಯಾಲ್ ಆಗುತ್ತದೆ. ಚಾಲಕ, ವೆಲ್ಡರ್ ಮುಂತಾದ ಹುದ್ದೆಗಳ ಸಂಬಳದಲ್ಲಿ ಈ ಮೊತ್ತ ತೆತ್ತು ಉಳಿತಾಯ ಮಾಡುವುದು ದುಸ್ಸಾಧ್ಯ. ಆದ್ದರಿಂದಲೇ ಕೊಲ್ಲಿಯಲ್ಲಿ ಅಸಂಖ್ಯ ಮಂದಿ ಒಂಟಿಯಾಗಿ, ಒಂದೇ ಕಟ್ಟಡದಲ್ಲಿ ಹತ್ತಾರು ಜನರೊಡನೆ ವಾಸಿಸುತ್ತಾರೆ. 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಇಂತಹುದೇ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ತಗುಲಿ ಕನಿಷ್ಠ 45 ಭಾರತೀಯರು ಮೃತಪಟ್ಟರು. ಅವರಲ್ಲಿ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು.

ಬ್ರಿಟನ್ ಕಲಿಸಿದ ಪಾಠ

ನಿಯಮಗಳು ನಡುದಾರಿಯಲ್ಲಿ ಬದಲಾಗುತ್ತವೆ ಎಂಬುದಕ್ಕೆ ಬ್ರಿಟನ್‌ಗಿಂತ ಉತ್ತಮ ನಿದರ್ಶನವಿಲ್ಲ. ವೃದ್ಧರ ಆರೈಕೆ ಮಾಡುವ ಕೇರ್ ವರ್ಕರ್ ಹುದ್ದೆಗಳಿಗೆ ಆ ದೇಶ 2022ರ ಫೆಬ್ರುವರಿಯಲ್ಲಿ ವೀಸಾ ತೆರೆಯಿತು. ಕುಟುಂಬವನ್ನೂ ಕರೆದೊಯ್ಯಬಹುದೆಂಬ ಕಾರಣಕ್ಕೆ ಭಾರತದಿಂದ ಸಾವಿರಾರು ಮಂದಿ ತೆರಳಿದರು. 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಕೇರ್ ವರ್ಕರ್‌ಗಳಿಗೆ ಕುಟುಂಬವನ್ನು ಕರೆತರುವ ಅವಕಾಶ ರದ್ದಾಯಿತು. 2025ರ ಜುಲೈ 22ರಿಂದ ವಿದೇಶದಿಂದ ಆ ಹುದ್ದೆಗೆ ನೇಮಕಾತಿಯೇ ನಿಂತುಹೋಯಿತು. ಮೂರೂವರೆ ವರ್ಷಗಳಲ್ಲಿ ಒಂದು ಬಾಗಿಲು ತೆರೆದು ಮುಚ್ಚಿದ ಬಗೆ ಇದು.

ಅದೇ ದಿನದಿಂದ ಸಾಮಾನ್ಯ ನುರಿತ ನೌಕರರ ವೀಸಾಕ್ಕೆ ಪದವಿ ಮಟ್ಟದ ಹುದ್ದೆಯನ್ನು ಕಡ್ಡಾಯಗೊಳಿಸಿ, ವಾರ್ಷಿಕ ಸಂಬಳದ ಸಾಮಾನ್ಯ ಮಿತಿಯನ್ನು 41,700 ಪೌಂಡ್‌ಗೆ ಏರಿಸಲಾಯಿತು. ಪದವಿಗಿಂತ ಕೆಳಗಿನ ಕೆಲವು ಹುದ್ದೆಗಳಿಗೆ ತಾತ್ಕಾಲಿಕ ಕೊರತೆ ಪಟ್ಟಿಯ ಮೂಲಕ ಅವಕಾಶವಿದ್ದರೂ, ಹೊಸದಾಗಿ ಹೋಗುವವರು ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಐಟಿಐ, ಡಿಪ್ಲೊಮಾ ಮುಗಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಬ್ಬಿನ ಟನ್ನಿನಲ್ಲಿ ಅಳೆದರೆ

ನಿಡಸೋಸಿಯ ಹಿರಾಶುಗರ್ ತಾಂತ್ರಿಕ ಕಾಲೇಜಿನಲ್ಲೋ ಬೆಳಗಾವಿಯಲ್ಲೋ ಎಂಜಿನಿಯರಿಂಗ್ ಮುಗಿಸಿದ ಒಬ್ಬ ರೈತನ ಮಗನಿಗೆ ಬ್ರಿಟನ್‌ನಲ್ಲಿ ನೌಕರಿ ದೊರೆಯಿತೆಂದು ಭಾವಿಸೋಣ. ಆತ, ಮಡದಿ, ಇಬ್ಬರು ಮಕ್ಕಳು ಮೂರು ವರ್ಷದ ವೀಸಾಕ್ಕೆ ಅರ್ಜಿ ಸಲ್ಲಿಸುವಾಗಲೇ ಆರೋಗ್ಯ ಮೇಲ್ತೆರಿಗೆ ತುಂಬಬೇಕು. ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ನಾಲ್ವರಿಗೆ ಮೂರು ವರ್ಷಕ್ಕೆ 10,866 ಪೌಂಡ್, ಅಂದರೆ ಹನ್ನೆರಡೂವರೆ ಲಕ್ಷ ರೂಪಾಯಿಗೂ ಅಧಿಕ. ಟನ್ನಿಗೆ 3,300 ರೂಪಾಯಿಯಂತೆ ಇದು ಸುಮಾರು 380 ಟನ್ ಕಬ್ಬಿನ ಬೆಲೆ. ಎಕರೆಗೆ 40 ಟನ್ ಇಳುವರಿ ಎಂದರೂ ಒಂಬತ್ತು ಹತ್ತು ಎಕರೆಯ ಇಡೀ ಬೆಳೆ. ವೀಸಾ ಶುಲ್ಕ, ವಿಮಾನ ದರ, ಮುಂಗಡ ಬಾಡಿಗೆ ಇದರಲ್ಲಿ ಸೇರಿಲ್ಲ. ಉದ್ಯೋಗ ನೀಡುವ ಸಂಸ್ಥೆ ಈ ವೆಚ್ಚ ಭರಿಸುವುದೇ ಎಂಬುದನ್ನು ಒಪ್ಪಿಗೆ ಸೂಚಿಸುವ ಮುನ್ನ ಕೇಳುವುದರಲ್ಲಿ ಸಂಕೋಚ ಸಲ್ಲದು. ಸೌದಿಯ ಮೇಲೆ ಹೇಳಿದ ಶುಲ್ಕವೂ ವರ್ಷಕ್ಕೆ ನೂರು ಟನ್ ಕಬ್ಬಿಗೆ ಸಮ.

ಇದೇ ಎಂಜಿನಿಯರನ ಮಡದಿ ನರ್ಸ್ ಆಗಿದ್ದು ಆಕೆಗೇ ನೌಕರಿ ದೊರೆತಿದ್ದರೆ ಚಿತ್ರ ಬದಲಾಗುತ್ತದೆ. ಬ್ರಿಟನ್ನಿನ ಆರೋಗ್ಯ ಸೇವೆಯ ವೀಸಾ ಪಡೆದ ನರ್ಸ್ ಕುಟುಂಬವನ್ನು ಕರೆದೊಯ್ಯಬಹುದು. ಆಕೆಗೂ ಕುಟುಂಬಕ್ಕೂ ಆರೋಗ್ಯ ಮೇಲ್ತೆರಿಗೆಯಿಂದ ವಿನಾಯಿತಿ ಇದೆ. ಜರ್ಮನಿಯಲ್ಲಿಯೂ ನರ್ಸ್‌ಗಳಿಗೆ ಬೇಡಿಕೆ ಇದೆ. ಅಲ್ಲಿ ನುರಿತ ನೌಕರರ ಸಂಗಾತಿಗೆ ಕುಟುಂಬ ಪರವಾನಗಿಯೊಂದಿಗೆ ದುಡಿಯುವ ಹಕ್ಕೂ ದೊರೆಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಜರ್ಮನಿಯು ಭಾರತೀಯ ನುರಿತ ನೌಕರರ ವಾರ್ಷಿಕ ವೀಸಾ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಆದರೆ ನರ್ಸ್ ವೃತ್ತಿಗೆ ಪೂರ್ಣ ಮಾನ್ಯತೆ ಪಡೆಯಲು ಜರ್ಮನ್ ಭಾಷೆಯಲ್ಲಿ ಬಿ-2 ಮಟ್ಟದ ಪ್ರಾವೀಣ್ಯ ಬೇಕಾಗುತ್ತದೆ. ಅದು ಒಂದೆರಡು ತಿಂಗಳ ಕಲಿಕೆಯಲ್ಲ.

ಕರ್ನಾಟಕ ಆರೋಗ್ಯಧಾಮ ಹಾಗೂ ಜೆ.ಜಿ. ಸಹಕಾರಿ ಆಸ್ಪತ್ರೆಗಳಿಂದ ಹೆಸರಾದ ಘಟಪ್ರಭಾ ಇರುವುದು ಗೋಕಾಕ ತಾಲೂಕಿನಲ್ಲಿಯೇ. ಕುಟುಂಬ ಸಮೇತ ವಲಸೆಗೆ ಈ ಭಾಗದಲ್ಲಿ ಅತ್ಯಂತ ಸುಗಮವಾದ ಹಾದಿ ಮನೆಯ ಹೆಣ್ಣುಮಗಳ ವೃತ್ತಿಯಿಂದ ತೆರೆಯಬಹುದು ಎಂಬುದು ಗಮನಾರ್ಹ. ಮಗನ ಓದಿಗೆ ಹೊಲ ಮಾರಲು ಸಿದ್ಧರಿರುವ ಪಾಲಕರು ಈ ಸಂಗತಿಯನ್ನು ಪರಿಗಣಿಸುವುದು ಒಳಿತು.

ಕುಟುಂಬ ಎಂದರೆ ಯಾರು?

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ನಮ್ಮಲ್ಲಿ ಕುಟುಂಬವೆಂದರೆ ತಂದೆ ತಾಯಿಯೂ ಸೇರಿದ ಮನೆ. ವಿದೇಶಗಳ ವೀಸಾ ನಿಯಮಗಳಲ್ಲಿ ಕುಟುಂಬವೆಂದರೆ ಬಹುಮಟ್ಟಿಗೆ ಪತಿ ಅಥವಾ ಪತ್ನಿ ಮತ್ತು 18 ವರ್ಷದೊಳಗಿನ ಮಕ್ಕಳು. ವೃದ್ಧ ತಂದೆ ತಾಯಿಗಳಿಗೆ ಅಲ್ಲಿ ಅವಕಾಶ ಅತಿ ವಿರಳ. ಆದ್ದರಿಂದ ಕುಟುಂಬ ಸಮೇತ ಹೋಗುವುದು ಎಂದರೆ ಊರಿನ ಮನೆಯಲ್ಲಿ ಇಬ್ಬರು ವೃದ್ಧರು ಉಳಿಯುವುದು ಎಂದೇ ಅರ್ಥ. ಅವರ ಆರೈಕೆಯ ವ್ಯವಸ್ಥೆ ಹೊರಡುವ ಮುನ್ನವೇ ನಿಶ್ಚಯವಾಗಬೇಕು.

ಕಾಗದಪತ್ರಗಳ ವಿಷಯವೂ ಅಷ್ಟೇ ಮುಖ್ಯ. ಮಡದಿಯ ವೀಸಾಕ್ಕೆ ಮದುವೆಯ ಲಗ್ನಪತ್ರಿಕೆ ಸಾಲದು, ನೋಂದಣಿ ಪ್ರಮಾಣಪತ್ರ ಬೇಕು. 1976ರ ರಾಜ್ಯ ಕಾಯ್ದೆ ವಿವಾಹ ನೋಂದಣಿಯನ್ನು ಕಡ್ಡಾಯಗೊಳಿಸಿದ್ದರೂ ಉಪನೋಂದಣಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತದ ದಂಪತಿಗಳು ಇಂದಿಗೂ ಇದ್ದಾರೆ. ಹಳೆಯ ಮುಂಬಯಿ ಪ್ರಾಂತದ ರೂಢಿಯಂತೆ ಈ ಭಾಗದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಭಾಗಗಳಿರುತ್ತವೆ. ಶಾಲಾ ದಾಖಲೆ, ಆಧಾರ್, ಪಾಸ್‌ಪೋರ್ಟ್‌ಗಳಲ್ಲಿ ಇವು ಒಂದೊಂದು ಬಗೆಯಾಗಿದ್ದರೆ ಸರಿಪಡಿಸಲು ತಿಂಗಳುಗಳೇ ಬೇಕು. ನಂತರ ರಾಜ್ಯ ಮಟ್ಟದ ದೃಢೀಕರಣ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಅಥವಾ ಆಯಾ ದೇಶದ ರಾಯಭಾರ ಕಚೇರಿಯ ಮೊಹರು ಆಗಬೇಕು.

ಏಜೆಂಟ್ ಹತ್ತಿರ, ಕಚೇರಿ ದೂರ

1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವಿದೇಶಿ ನೌಕರಿಗೆ ಜನರನ್ನು ನೇಮಿಸುವುದು ಅಪರಾಧ. ನೋಂದಾಯಿತ ಏಜೆಂಟ್ ಕೂಡ ಅಭ್ಯರ್ಥಿಯಿಂದ ಗರಿಷ್ಠ 30,000 ರೂಪಾಯಿ ಹಾಗೂ ಅದರ ಮೇಲಿನ ಜಿಎಸ್‌ಟಿ ಮಾತ್ರ ಪಡೆಯಬಹುದು, ಅದಕ್ಕೆ ರಶೀದಿಯನ್ನೂ ಕೊಡಬೇಕು. ಒಟ್ಟು 35,400 ರೂಪಾಯಿ, ಸುಮಾರು 11 ಟನ್ ಕಬ್ಬಿನ ಬೆಲೆ. ಲಕ್ಷಗಳಲ್ಲಿ ಮಾತನಾಡುವವನು ಈ ಒಂದು ಮಾತಿನಿಂದಲೇ ಕಾನೂನಿನ ಹೊರಗೆ ನಿಂತಿದ್ದಾನೆ ಎಂದು ತಿಳಿಯಬಹುದು. ವಿಪರ್ಯಾಸವೆಂದರೆ, ಅಪರಾಧಕ್ಕೆ ಕಾಯ್ದೆ ವಿಧಿಸುವುದು ಎರಡು ವರ್ಷದವರೆಗಿನ ಸೆರೆವಾಸ ಮತ್ತು ಕೇವಲ 2,000 ರೂಪಾಯಿವರೆಗಿನ ದಂಡ. ಒಂದು ಟನ್ ಕಬ್ಬಿನ ಬೆಲೆಗಿಂತಲೂ ಕಡಿಮೆ! ಈ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು.

ಕಾನೂನಿನ ರಕ್ಷಣೆಯಲ್ಲೂ ಒಂದು ಬಿರುಕಿದೆ. ಹತ್ತನೆಯ ತರಗತಿ ಉತ್ತೀರ್ಣರಾಗದವರು ಕೊಲ್ಲಿ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆಗ ಅವರ ಕರಾರು ಪತ್ರ ಪರಿಶೀಲನೆಗೊಳಪಡುತ್ತದೆ, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆಯೂ ಕಡ್ಡಾಯವಾಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಸಾಮಾನ್ಯವಾಗಿ ಈ ತಪಾಸಣೆ ಇಲ್ಲ. ಕಲಿತವನು ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲ ಎಂಬುದು ಕಾನೂನಿನ ನಂಬಿಕೆ. ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಯುದ್ಧಭೂಮಿ ಸೇರಿ, 2024ರಲ್ಲಿ ಮರಳಿ ಬಂದ ಪ್ರಕರಣ ಈ ನಂಬಿಕೆಯನ್ನು ಅಲುಗಾಡಿಸಿದೆ.

ವಲಸೆ ಸಂರಕ್ಷಣಾಧಿಕಾರಿ ಕಚೇರಿ, ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಧೀನದ ಅಂತಾರಾಷ್ಟ್ರೀಯ ವಲಸೆ ಕೇಂದ್ರ, ನರ್ಸ್‌ಗಳ ದಾಖಲೆ ದೃಢೀಕರಿಸುವ ರಾಜ್ಯ ಶುಶ್ರೂಷಾ ಪರಿಷತ್ತು ಎಲ್ಲವೂ ಇರುವುದು ಇಲ್ಲಿಂದ ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಪಾಸ್‌ಪೋರ್ಟ್ ಸೇವೆ ಬೆಳಗಾವಿಯ ಅಂಚೆ ಕಚೇರಿಗೆ ಬಂದಿದ್ದರೂ, ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆಗಳಿಗೆ ಉತ್ತರಿಸುವವರು ಹತ್ತಿರದಲ್ಲಿಲ್ಲ. ಆ ಜಾಗವನ್ನು ದಲ್ಲಾಳಿ ತುಂಬುತ್ತಾನೆ. ಆತನಿಗೆ ಗಿರಾಕಿ ವಿಮಾನ ಹತ್ತಿದರೆ ಸಾಕು. ಆರು ತಿಂಗಳ ನಂತರ ಮಡದಿ ಮಕ್ಕಳಿಗೆ ವೀಸಾ ದೊರೆಯುವುದೇ ಎಂಬುದು ಆತನ ಚಿಂತೆಯಲ್ಲ.

ಪ್ರತಿವರ್ಷ ಚಳಿಗಾಲದಲ್ಲಿ ಇಡೀ ಸರ್ಕಾರವೇ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬಂದು ಅಧಿವೇಶನ ನಡೆಸುತ್ತದೆ. ವಲಸೆ ಕೇಂದ್ರದ ಒಂದು ಶಾಖೆಯನ್ನು ಬೆಳಗಾವಿಯಲ್ಲಿ ತೆರೆದು, ವಾರಕ್ಕೊಮ್ಮೆ ಗೋಕಾಕ, ಹುಕ್ಕೇರಿ, ಮೂಡಲಗಿ ತಾಲೂಕು ಕಚೇರಿಗಳಲ್ಲಿ ಒಬ್ಬ ಸಿಬ್ಬಂದಿಯನ್ನು ಕೂರಿಸುವುದು ಇದಕ್ಕಿಂತ ಕಷ್ಟದ ಕೆಲಸವೇನಲ್ಲ. ಅಲ್ಲಿಯವರೆಗೆ ಏಜೆಂಟನ ನೋಂದಣಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ತಾಳೆ ನೋಡಬಹುದು. ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800 11 3090ಕ್ಕೆ ಕರೆ ಮಾಡಿ ವಿಚಾರಿಸಬಹುದು.

ನೌಕರಿ ಯಾವುದು, ಸಂಬಳ ಎಷ್ಟು ಎಂಬ ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಈ ವೀಸಾದಲ್ಲಿ ನನ್ನ ಮಡದಿ ಮಕ್ಕಳು ಬರಬಹುದೇ, ಯಾವಾಗ, ಎಷ್ಟು ವೆಚ್ಚದಲ್ಲಿ ಎಂಬ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ, ಇಲ್ಲವೇ ಕೇಳುವುದೇ ಇಲ್ಲ. ಕುಟುಂಬಕ್ಕಾಗಿಯೇ ಊರು ಬಿಡುವವರು ಅದನ್ನು ಮೊದಲು ಕೇಳಬೇಕು, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಹೊಲದ ಉತಾರ ಬ್ಯಾಂಕಿಗೆ ಹೋಗುವುದು ಅದರ ನಂತರದ ಮಾತು.