ಯಾವ ಮಾತ್ರೆ ನುಂಗುತ್ತೀರಿ? ಕನ್ನಡದಲ್ಲಿ ಕೇಳಲಿ!

ಕನ್ನಡದ ತರುಣರೇ,

ನಮ್ಮ ಪ್ರೆಸ್ಸಿನಲ್ಲಿ ಒಂದು ಲಗ್ನಪತ್ರಿಕೆಯನ್ನೂ ಪ್ರೂಫ್ ನೋಡದೆ ಮೆಷಿನ್ನಿಗೆ ಏರಿಸುವುದಿಲ್ಲ. ಗಿರಾಕಿ ಬರೆದುಕೊಟ್ಟ ಕಾಗದ ಒಂದು ಕಡೆ, ಪ್ರೂಫ್ ಇನ್ನೊಂದು ಕಡೆ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತೇವೆ. ವಧುವಿನ ಹೆಸರು ತಪ್ಪಿದರೆ ಸಾವಿರ ಪ್ರತಿ ರದ್ದಿಗೆ ಹೋದೀತು, ಅಷ್ಟೇ. ಆಸ್ಪತ್ರೆಯ ಕಾಗದದಲ್ಲಿ ಒಂದು ಮಾತ್ರೆಯ ಹೆಸರು ಬಿಟ್ಟುಹೋದರೆ? ಜೀವವೇ ಹೋದೀತು! ಅಲ್ಲಿ ಪ್ರೂಫ್ ನೋಡುವವರು ಯಾರು?

ಕಳೆದ ವರ್ಷ ನಮ್ಮ ತಾಯಿಯವರನ್ನು ಆಪರೇಷನ್ನಿಗೆಂದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಈಗ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ವಾರ್ಡಿನಲ್ಲಿ ಕೇಳಿದ್ದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ. ತಾಯಿಗೆ ಅರ್ಥವಾದದ್ದು ಬಿ.ಪಿ., ಶುಗರ್ ಎಂಬ ಎರಡೇ ಪದ. ಹೂಂ ಎಂದು ತಲೆಯಾಡಿಸಿದರು. ಕಾಗದದಲ್ಲಿ ಎರಡು ಮಾತ್ರೆ ದಾಖಲಾದವು. ಹೃದಯಕ್ಕೆಂದು ದಿನವೂ ನುಂಗುತ್ತಿದ್ದ ಮೂರನೆಯದು, ಕ್ಲೋಪಿಡೋಗ್ರೆಲ್, ಬಿಟ್ಟೇಹೋಯಿತು. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಅದರ ಗುಣ ಮೈಯಲ್ಲಿರುವಾಗ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ. ಅದಕ್ಕೇ ದೊಡ್ಡ ಆಪರೇಷನ್ನಿಗೆ ಕೆಲವು ದಿನ ಮೊದಲು ಅದನ್ನು ನಿಲ್ಲಿಸಬೇಕೇ, ಎಂದು ನಿಲ್ಲಿಸಬೇಕು ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಗೊತ್ತೇ ಇಲ್ಲದ ಮಾತ್ರೆಯ ಬಗ್ಗೆ ಏನು ತೀರ್ಮಾನಿಸಿಯಾರು? ರಾತ್ರಿ ನಮ್ಮ ತಂಗಿ ಮಾತ್ರೆ ಡಬ್ಬಿ ತಂದು ಡ್ಯೂಟಿ ಡಾಕ್ಟರ ಮುಂದೆ ಸುರಿದಾಗ ವಿಷಯ ಹೊರಬಿತ್ತು. ಬೆಳಗಿನ ಆಪರೇಷನ್ ಮುಂದಕ್ಕೆ ಹೋಯಿತು, ತಾಯಿ ಉಳಿದರು. ಡಬ್ಬಿ ತರದಿದ್ದರೆ?

ಆ ನರ್ಸ್ ಹೆಣ್ಣುಮಗಳನ್ನು ನಾವು ಬೈಯುವುದಿಲ್ಲ. ಹೊಟ್ಟೆಪಾಡಿಗೆ ದುಡಿಯಲು ಬಂದವಳು ಅವಳು. ಕರ್ನಾಟಕದ ನೆಲದಲ್ಲಿ ಲಕ್ಷಗಟ್ಟಲೆ ಬಿಲ್ ಮಾಡುವ ಆಡಳಿತಕ್ಕೆ ಆ ಮೇಜಿನ ಬಳಿ ಕನ್ನಡ ಬಲ್ಲ ಒಬ್ಬರನ್ನು ಕೂರಿಸಲು ಬರಗಾಲವೇ?

ಭಾಷೆಯೊಂದೇ ಕಾರಣ ಎಂದರೂ ಸುಳ್ಳಾದೀತು. ಕನ್ನಡದಲ್ಲೇ ಕೇಳಿದರೂ ನಮ್ಮವರು ಇನ್ಸುಲಿನ್ ಇಂಜೆಕ್ಷನ್ನನ್ನು ಮಾತ್ರೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಣ್ಣಿನ ಡ್ರಾಪ್ಸ್, ನಾಟಿ ಔಷಧಿ, ಮೆಡಿಕಲ್ ಶಾಪಿನಲ್ಲಿ ತಾವೇ ಕೊಂಡ ನೋವಿನ ಗುಳಿಗೆ ಯಾವುದನ್ನೂ ಹೇಳುವುದಿಲ್ಲ. ದುಡ್ಡಿಲ್ಲದೆ ದಿನ ಬಿಟ್ಟು ದಿನ ನುಂಗುವವರು ನಾಚಿಕೆಯಿಂದ ದಿನಾ ಎನ್ನುತ್ತಾರೆ. ಆಸ್ಪತ್ರೆಯವರು ಅದನ್ನೇ ನಂಬಿ ಪೂರ್ತಿ ಡೋಸ್ ಕೊಟ್ಟರೆ ಬಿ.ಪಿ., ಶುಗರ್ ದಿಢೀರನೆ ಇಳಿಯಬಹುದು. ಇನ್ನು ಒಂದೇ ಟೆಲ್ಮಿಸಾರ್ಟನ್ ಹತ್ತಾರು ಕಂಪನಿಗಳ ಹತ್ತಾರು ಹೆಸರಿನಲ್ಲಿ ಬರುತ್ತದೆ. ಮನೆಯದೊಂದು, ಆಸ್ಪತ್ರೆಯದೊಂದು ಎರಡನ್ನೂ ನುಂಗಿ ಡೋಸ್ ಇಮ್ಮಡಿಯಾಗುವ ಅಪಾಯ ಬೇರೆ!

ಔಷಧಿಯ ತಪ್ಪಿನಿಂದಾಗುವ ಗಂಭೀರ ಹಾನಿಯನ್ನು 5 ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಕರೆ ಕೊಟ್ಟಿತು. ರೋಗಿ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಹೋಗುವ ಹೊತ್ತೇ ಅಪಾಯದ ಹೊತ್ತು ಎಂದೂ ಹೇಳಿತು. ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿತು. ನಿಮ್ಮ ಮನೆಯ ಚೀಟಿ ತೆಗೆದು ನೋಡಿ, ಓದಲು ಬರುತ್ತದೆಯೇ?

ನಮ್ಮ ಬೇಡಿಕೆ ಮೂರೇ. ದಾಖಲಾಗುವ ರೋಗಿಯ ಔಷಧಿ ವಿವರವನ್ನು ಕನ್ನಡ ಬಲ್ಲವರೇ ಕೇಳಬೇಕು. ಬಾಯಿಮಾತನ್ನಷ್ಟೇ ನಂಬದೆ ಸ್ಟ್ರಿಪ್, ಹಳೆಯ ಚೀಟಿಗಳೊಂದಿಗೆ ತಾಳೆ ನೋಡಬೇಕು. ಬಿಡುಗಡೆಯ ದಿನ ಯಾವುದು ಮುಂದುವರಿಕೆ, ಯಾವುದು ಬಂದ್, ಯಾವುದು ಹೊಸದು ಎಂದು ಕನ್ನಡದಲ್ಲಿ ಬರೆದುಕೊಡಬೇಕು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರುವುದೇ? ಬೇಡ! ಇಂದು ರಾತ್ರಿಯೇ ಅಪ್ಪ ಅಮ್ಮನ ಮಾತ್ರೆ ಡಬ್ಬಿ ಬಿಚ್ಚಿ. ಯಾವುದಕ್ಕೆ, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ನಿಜವಾಗಿ ನುಂಗುತ್ತಾರೆಯೇ, ಯಾವ ಔಷಧಿ ಮೈಗೆ ಆಗದು ಎಂದು ಕೇಳಿ ಕನ್ನಡದಲ್ಲಿ ಬರೆಯಿರಿ. ಮಾತ್ರೆಯ ಹೆಸರನ್ನು ಮಾತ್ರ ಸ್ಟ್ರಿಪ್ಪಿನ ಮೇಲಿರುವ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಅದರಿಂದ ಕನ್ನಡಾಭಿಮಾನಕ್ಕೇನೂ ಕುಂದಿಲ್ಲ. ಮಾತ್ರೆ ಬದಲಾದಾಗಲೆಲ್ಲ ಪಟ್ಟಿ ತಿದ್ದಿ. ಒಂದು ಪ್ರತಿ ಡಬ್ಬಿಯಲ್ಲಿ, ಇನ್ನೊಂದು ನಿಮ್ಮ ಜೇಬಿನಲ್ಲಿ ಇರಲಿ.

ವೇದಿಕೆಯ ಮೇಲೆ ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ ಎಂದು ಕೂಗುವುದು ಸುಲಭ. ಹೆತ್ತವಳ ಪ್ರಾಣ ಉಳಿಸಲು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ, ಅದೂ ಕನ್ನಡದ ಕೆಲಸವೇ!