ಗಿಟಾರಿನ ಮೇಲೇಕೆ ಮುನಿಸು?

ಶಿಶುನಾಳ ಷರೀಫರ ತತ್ತ್ವಪದವನ್ನು ಗಿಟಾರಿಗೆ ಹೊಂದಿಸಿ ರಘು ದೀಕ್ಷಿತರು ಕೆಡಿಸಿದರೆಂದು ನಮ್ಮ ಸಂಘದ ಹಿರಿಯರ ಗೊಣಗಾಟ. ನಾವು ಒಪ್ಪುವುದಿಲ್ಲ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಜೀವಿಶಾಸ್ತ್ರ ಓದಿದವರು ಅವರು. ಗಿಟಾರು ಕೈಗೆ ಬಂದದ್ದು ಆಮೇಲೆ. 2008ರಲ್ಲಿ ಅವರ ಮೊದಲ ಆಲ್ಬಮ್ ಹೊರತಂದವರು ನಮ್ಮ ಮುಂಬಯಿಯ ವಿಶಾಲ್-ಶೇಖರ್ ಜೋಡಿ. ಸ್ವಂತ ಹಿಂದಿ ಹಾಡುಗಳ ನಡುವೆ ಷರೀಫರ ಗುಡುಗುಡಿಯ ಪದಕ್ಕೂ ಅಲ್ಲಿ ಜಾಗ ಸಿಕ್ಕಿತು.

ಗೋವಿಂದಭಟ್ಟರ ಶಿಷ್ಯರಾದ ಷರೀಫರೇನು ಗೆರೆಯೊಳಗೆ ನಿಂತವರೇ? ಅಶ್ವತ್ಥರ ವಾದ್ಯಮೇಳಕ್ಕೆ ತಲೆದೂಗಿದ ನಾವು ಗಿಟಾರಿಗೆ ಬಾಗಿಲು ಹಾಕುವುದು ಯಾವ ನ್ಯಾಯ? ಮನೆಯಲ್ಲಿ ಮಕ್ಕಳೊಡನೆ ಹಿಂದಿಯಾಡಿ, ರಾಜ್ಯೋತ್ಸವದ ದಿನ ಮಾತ್ರ ಕನ್ನಡದ ಶುದ್ಧಿಗೆ ಕಾವಲು ನಿಲ್ಲುವವರೂ ನಾವೇ! ಕನ್ನಡ ಓದಲು ಬಾರದ ಅದೇ ಮಕ್ಕಳು ಈ ಹಾಡು ಕೇಳಿ, “ಅಪ್ಪಾ, ಗುಡುಗುಡಿ ಅಂದರೇನು?” ಎನ್ನುತ್ತಾರೆ. ಮುನಿಸು ಬಿಟ್ಟು ಮೊದಲು ಅದಕ್ಕೆ ಉತ್ತರ ಹೇಳೋಣ, ಕನ್ನಡದಲ್ಲೇ.